ಮೊಟ್ಟೆಯಿಲ್ಲದ ಚಾಕೊಲೇಟ್ ಕೇಕಿಗೆ ತರಕಾರಿ, ರಾಗಿ ಸೇರಿಸಿದವರು ಅನುಭವ ಹೇಳಿ

ಮಡಿಕೇರಿಯಿಂದ ಕೇಳುತ್ತಿದ್ದೇನೆ. ಮಗಳಿಗೆ ಆರು ವರ್ಷ. ಸಾರಿನಲ್ಲಿ ತರಕಾರಿ ಚೂರು ಕಂಡರೆ ಸಾಕು, ತಟ್ಟೆ ದೂಡುತ್ತಾಳೆ. ಅತ್ತೆ ಮಾವ ಮೊಟ್ಟೆ ಮುಟ್ಟುವುದಿಲ್ಲ, ಹಾಗಾಗಿ ಅಡುಗೆ ಮನೆಗೆ ಮೊಟ್ಟೆ ಬರುವುದಿಲ್ಲ. ಬೀಟ್‌ರೂಟ್ ರುಬ್ಬಿ, ರಾಗಿ ಹಿಟ್ಟು, ಗೋಧಿ ಹಿಟ್ಟು ಅರ್ಧರ್ಧ ಹಾಕಿ ಬ್ರೌನಿ ಮಾಡಿದೆ. ಮೇಲೆ ಬಿರುಕು, ನಡುವೆ ಹಸಿ ಹಸಿ. ತಣ್ಣಗಾದ ಮೇಲೆ ಗುಂಡಿ ಬಿತ್ತು. ಮಣ್ಣಿನ ವಾಸನೆ ಬೇರೆ. ಓಟಿಜಿ, ಅಂದರೆ ಕರೆಂಟ್ ಓವನ್, ಚಿಕ್ಕದು. ಮುಂದಿನ ತಿಂಗಳು ಹುಟ್ಟುಹಬ್ಬ. ತರಕಾರಿ ಬದಲಿಸಲೋ, ಹಿಟ್ಟು ಬದಲಿಸಲೋ? ಮಾಡಿ ನೋಡಿದವರು ದಯವಿಟ್ಟು ಬರೆಯಿರಿ.

ಕುಶಾಲನಗರ, ಮನೆಯಲ್ಲೇ ಕೇಕ್ ಮಾಡಿ ಮಾರುವವಳು:

ನಾನು ಮೈದಾ ಬಿಟ್ಟಾಗ ನಮ್ಮವರೇ ನಕ್ಕರು. ಈಗ ಅವರ ಮನೆ ಹುಟ್ಟುಹಬ್ಬಕ್ಕೆಲ್ಲ ನನ್ನದೇ ಕೇಕ್. ನಾನು ಕಪ್ಪಿನಲ್ಲಿ ಅಳೆಯುವುದಿಲ್ಲ, ತೂಗುತ್ತೇನೆ. ಗೋಧಿ ಹಿಟ್ಟು 100 ಗ್ರಾಂ, ಹುರಿದ ರಾಗಿ ಹಿಟ್ಟು 50, ಕೋಕೋ 30, ಬೆಲ್ಲದ ಪುಡಿ 130, ಮೊಸರು 120, ಎಣ್ಣೆ 60 ಎಂಎಲ್, ಬೀಟ್‌ರೂಟ್ 120, ಅರ್ಧ ಟೀ ಚಮಚ ಅಡುಗೆ ಸೋಡಾ. ಹಿಟ್ಟಿಗೆ ಅಂಟು ಕೊಡುವ ಗ್ಲುಟನ್ ರಾಗಿಯಲ್ಲಿ ಇಲ್ಲ. ಮೊಟ್ಟೆಯೂ ಇಲ್ಲದ ಮೇಲೆ ಕೇಕನ್ನು ಹಿಡಿದು ನಿಲ್ಲಿಸುವುದು ಗೋಧಿ ಒಂದೇ. ರಾಗಿ ಮೂರನೇ ಒಂದು ಪಾಲು ದಾಟಿತೋ, ಚೂರು ಚೂರು.

ಬೀಟ್‌ರೂಟ್ ಹೆಚ್ಚಿ ನೀರಲ್ಲಿ ಬೇಯಿಸಬೇಡಿ. ಸಿಪ್ಪೆ ಸಮೇತ ಇಡಿಯಾಗಿ ಹಬೆಯಲ್ಲಿ ಬೇಯಿಸಿ, ಆರಿಸಿ, ಹನಿ ನೀರೂ ಹಾಕದೆ ರುಬ್ಬಿ, ಜರಡಿಯಲ್ಲಿ ಬಸಿಯಲು ಬಿಡಿ. ಹಿಟ್ಟು, ಮೊಸರು, ಬೀಟ್‌ರೂಟ್ ಕಲಸಿ ಇಪ್ಪತ್ತು ನಿಮಿಷ ಸುಮ್ನೆ ಇಡಬೇಕು. ರಾಗಿ, ಗೋಧಿ ಎರಡೂ ನೀರನ್ನು ನಿಧಾನಕ್ಕೆ ಕುಡಿಯುತ್ತವೆ. ಸೋಡಾ ಕೊನೆಗೆ, ಓವನ್ ಕಾದ ಮೇಲೆ. ಮೊದಲೇ ಹಾಕಿದರೆ ಗಾಳಿಯೆಲ್ಲ ಹೊರಗೆ ಹೋಗಿ ಗುಂಡಿ ಬೀಳುತ್ತದೆ. 170 ಡಿಗ್ರಿಯಲ್ಲಿ 35ರಿಂದ 40 ನಿಮಿಷ.

ಇನ್ನು ಖರ್ಚು. ಮೊದಲು ಅರ್ಧ ಕೆಜಿ ಕೋಕೋಗೆ 390 ಕೊಡುತ್ತಿದ್ದೆ. 2024ರಲ್ಲಿ ಘಾನಾ, ಐವರಿ ಕೋಸ್ಟ್ ಕಡೆ ಬೆಳೆ ಕೈಕೊಟ್ಟು, ಪ್ರಪಂಚದ ಮಾರುಕಟ್ಟೆಯಲ್ಲಿ ಕೋಕೋ ಟನ್ನಿಗೆ 10,000 ಡಾಲರ್ ದಾಟಿತು. ನನಗೆ ಅದೇ ಪ್ಯಾಕ್ 840 ಆಯಿತು. ಅಂದರೆ ಆಗ ಒಂದು ಕೇಕಿಗೆ ಕೋಕೋನೇ 50 ರೂಪಾಯಿ. ಬೆಲ್ಲ 9, ಎಣ್ಣೆ 9, ಮೊಸರು 8, ಎರಡೂ ಹಿಟ್ಟು ಸೇರಿ 8, ಬೀಟ್‌ರೂಟ್ 7, ಕರೆಂಟ್ 7, ಡಬ್ಬಿ 18. ಒಟ್ಟು 116. ನನ್ನ ಕೈ ನೋವಿಗೆ ಬೆಲೆ ಕಟ್ಟಿಲ್ಲ. 350 ಹೇಳಿದರೆ "ತರಕಾರಿ ಕೇಕಿಗೆ ಇಷ್ಟಾ?" ಅನ್ನುತ್ತಾರೆ. ಮೈದಾ, ಡಾಲ್ಡಾ ಕೇಕಿಗೆ ಅಷ್ಟೇ ಕೊಟ್ಟು ಬರುವವರು ಇವರೇ.

ವಿರಾಜಪೇಟೆ, ಎರಡು ಮಕ್ಕಳ ಅಪ್ಪ:

ಗ್ರಾಂ ಲೆಕ್ಕ ಚೆನ್ನಾಗಿದೆ. ಮಳೆಗಾಲದಲ್ಲಿ ಕರೆಂಟ್ ಎಲ್ಲಿಂದ ತರಬೇಕು ಅಂತ ಯಾರೂ ಬರೆಯುವುದಿಲ್ಲ. ನಾನು 6,400 ಕೊಟ್ಟು ಓಟಿಜಿ ತಂದೆ. ಜುಲೈ ಗಾಳಿಗೆ ಸಿಲ್ವರ್ ಓಕ್ ಕೊಂಬೆ ತಂತಿ ಮೇಲೆ ಬಿತ್ತು. ಕೇಕ್ ಒಳಗಿಟ್ಟು ಹದಿನೈದು ನಿಮಿಷ ಆಗಿತ್ತಷ್ಟೇ. ಕರೆಂಟ್ ಬಂದದ್ದು ಮಾರನೇ ದಿನ ಸಂಜೆ. ಹಸಿ ಹಿಟ್ಟು, ಒಳ್ಳೆ ಕೋಕೋ, ಮನೆ ಬೆಣ್ಣೆ, ಎಲ್ಲ ಗೊಬ್ಬರದ ಗುಂಡಿಗೆ. ಆಮೇಲೆ ಕುಕ್ಕರಿನಲ್ಲಿ ಉಪ್ಪು ಹರಡಿ, ಗ್ಯಾಸ್ಕೆಟ್, ವಿಸಿಲ್ ತೆಗೆದು ಮಾಡಿದೆ. ಕೇಕ್ ಬಂತು. ಆದರೆ ಕುಕ್ಕರ್ ತಳ ಸುಟ್ಟು, ಅನ್ನಕ್ಕೆ ಇಟ್ಟರೆ ಒಂದು ಕಡೆ ಸೀಯಲು ಶುರು. ಹೊಸದಕ್ಕೆ 2,150.

ಈಗ ಕಡಂಬುಟ್ಟು, ಅಂದರೆ ನಮ್ಮ ಅಕ್ಕಿ ತರಿ ಕಡುಬು, ಬೇಯಿಸುವ ಪಾತ್ರೆಯಲ್ಲೇ ಚಾಕೊಲೇಟ್ ಕೇಕ್. ಸಿಹಿಗುಂಬಳ ಬೇಯಿಸಿ ಮಸೆದು, ರಾಗಿ, ಗೋಧಿ, ಕೋಕೋ, ಒಂದು ಹಣ್ಣಾದ ಪಚ್ಚಬಾಳೆ. ಟಿನ್ ಮೇಲೆ ಬಟ್ಟೆ ಕಟ್ಟಿ ತಟ್ಟೆ ಮುಚ್ಚಬೇಕು, ಇಲ್ಲದಿದ್ದರೆ ಮುಚ್ಚಳದ ನೀರು ತೊಟ್ಟಿಕ್ಕಿ ಮೇಲ್ಭಾಗ ಅಂಟಾಗುತ್ತದೆ. ಐವತ್ತು ನಿಮಿಷ. ಕರೆಂಟ್ ಬೇಡ, ಯಾರ ಮರ್ಜಿಯೂ ಬೇಡ. ಕೊಡಗಿನಲ್ಲಿ ಹಬೆ ಅಡುಗೆ ಗೊತ್ತಿಲ್ಲದ ಮನೆ ಇದೆಯಾ? ಓವನ್ ಓವನ್ ಅಂತ ಯಾಕೆ ಸಾಯಬೇಕು?

ಕುಶಾಲನಗರ:

ಅಣ್ಣ, ಹಬೆಯಲ್ಲಿ ಬೇಯಿಸಿದ್ದು ಕಡುಬು. ಅದನ್ನು ಬ್ರೌನಿ ಅನ್ನಬೇಡಿ. ಹಬೆ ನೂರು ಡಿಗ್ರಿ ದಾಟುವುದಿಲ್ಲ. ಮಡಿಕೇರಿ 1,100 ಮೀಟರ್‌ಗಿಂತ ಎತ್ತರ, ಅಲ್ಲಿ ನೀರು ಕುದಿಯುವುದೇ ಸುಮಾರು 96ಕ್ಕೆ. ಮೇಲಿನ ಆ ತೆಳ್ಳನೆ ಹೊಳೆಯುವ ಪದರ ಎಲ್ಲಿಂದ ಬರಬೇಕು? ಮಕ್ಕಳು ಅದನ್ನೇ ಮೊದಲು ಕಿತ್ತು ತಿನ್ನುವುದು.

ವಿರಾಜಪೇಟೆ:

ನನ್ನ ಮಕ್ಕಳು ತಟ್ಟೆ ನೆಕ್ಕುತ್ತಾರೆ. ಪದರ ಕೇಳಿಲ್ಲ. ನೀವು ಮಾರುವವರು, ನಿಮಗೆ ಹೊಳಪು ಬೇಕು.

ಸೋಮವಾರಪೇಟೆ, ಮೂರು ಮೊಮ್ಮಕ್ಕಳ ಅಜ್ಜಿ:

ಹೊಳಪೂ ಬೇಡ, ಹಬೆಯೂ ಬೇಡ. ಮಕ್ಕಳಿಗೆ ಮುಚ್ಚಿಟ್ಟು ತಿನ್ನಿಸುವುದೇ ನನಗೆ ಒಪ್ಪಿಗೆ ಇಲ್ಲ. ನನ್ನ ಸೊಸೆ ಹೀಗೇ ಮಾಡಿದಳು. ಕ್ಯಾರೆಟ್, ಪಾಲಕ್, ಸೋರೆ, ಎಲ್ಲ ಚಾಕೊಲೇಟ್ ಒಳಗೆ. ಹುಡುಗನಿಗೆ ಒಂದು ದಿನ ಹಸಿರು ನಾರು ಬಾಯಿಗೆ ಸಿಕ್ಕಿತು. ಅವತ್ತಿನಿಂದ ಕೇಕೂ ಬಿಟ್ಟ. ಅಮ್ಮ ಕೊಟ್ಟ ದೋಸೆಯನ್ನೂ ಹರಿದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಊಟದ ಮೇಲಿನ ನಂಬಿಕೆ ಹೋದರೆ ವಾಪಸ್ ತರುವುದು ಎಷ್ಟು ಕಷ್ಟ, ಕಂಡವರಿಗೇ ಗೊತ್ತು.

ನಾನು ಅವನ ಕೈಯಲ್ಲೇ ಹಿತ್ತಿಲಲ್ಲಿ ಬೀಟ್‌ರೂಟ್ ಬೀಜ ಹಾಕಿಸಿದೆ. ಮೊದಲ ಸಲ ಬಸವನಹುಳು ತಿಂದು ಹಾಕಿತು. ಮತ್ತೆ ಹಾಕಿದೆವು. ಅವನೇ ಕಿತ್ತ, ಅವನೇ ತೊಳೆದ. ತುರಿದು ಕೇಕಿಗೆ ಹಾಕುವಾಗ ಅವನೇ ಎದುರು ನಿಂತಿದ್ದ. ಇದು ನಾನು ಬೆಳೆದ ಕೇಕ್ ಅಂತ ಪಕ್ಕದ ಮನೆಗೂ ಕೊಟ್ಟು ಬಂದ. ಕೇಳಿದವಳಿಗೆ ಇಷ್ಟೇ ಹೇಳುತ್ತೇನೆ, ತಾಯಿ. ಹೇಳಿ ತಿನ್ನಿಸು.

ಗೋಣಿಕೊಪ್ಪ, ಏಳು ವರ್ಷದ ಹುಡುಗನ ತಾಯಿ:

ಅಜ್ಜಿ, ನಿಮ್ಮ ಮೇಲೆ ಗೌರವ ಇದೆ. ಆದರೆ ಹೀಗೆ ಬರೆದರೆ ನಮ್ಮಂಥವರಿಗೆ ಉರಿಯುತ್ತದೆ. ನನ್ನ ಮಗ ಎರಡು ವರ್ಷ ಮೊಸರನ್ನ, ಬಿಸ್ಕತ್ತು ಬಿಟ್ಟು ಬೇರೆ ಮುಟ್ಟಲಿಲ್ಲ. ರಕ್ತ ಕಡಿಮೆ ಅಂದರು. ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿ, ಟಾನಿಕ್ಕು, ಪರೀಕ್ಷೆ, ಬಸ್ಸು, ಊಟ ಅಂತ ಒಂದೊಂದು ಸಲಕ್ಕೂ ಮೂರು ಸಾವಿರ ಮೇಲೆ. ಬೀಜ ಬಿತ್ತಿ ಬೆಳೆಯುವ ತನಕ ಕಾಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ರಾಗಿ ಬೀಟ್‌ರೂಟ್ ಬ್ರೌನಿ ಒಂದೇ ಅವನ ಹೊಟ್ಟೆಗೆ ಹೋದದ್ದು. ನಾನು ಮುಚ್ಚಿಟ್ಟೆ. ಹೆಮ್ಮೆಯಿಂದಲೇ ಹೇಳುತ್ತೇನೆ.

ಒಂದು ಎಚ್ಚರಿಕೆ. ಜಾಸ್ತಿ ಬೀಟ್‌ರೂಟ್ ತಿಂದ ಮಾರನೇ ದಿನ ಕೆಲವು ಮಕ್ಕಳಿಗೆ ಮೂತ್ರ, ಮಲ ಕೆಂಪಗಾಗುತ್ತದೆ. ನಮಗೆ ಯಾರೂ ಹೇಳಿರಲಿಲ್ಲ. ರಾತ್ರಿ ಹತ್ತಕ್ಕೆ, ಸುರಿಯುವ ಮಳೆಯಲ್ಲಿ 900 ಕೊಟ್ಟು ಜೀಪು ಮಾಡಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಮೊದಲು ಕೇಳಿದ್ದೇ ಬೀಟ್‌ರೂಟ್ ತಿಂದನಾ ಅಂತ. ಅದು ಬರೀ ಬಣ್ಣ, ಭಯ ಬೇಡ. ಹುಟ್ಟುಹಬ್ಬಕ್ಕೆ ಬಂದ ಮಕ್ಕಳ ಅಮ್ಮಂದಿರಿಗಾದರೂ ಮೊದಲೇ ಹೇಳಿ.

ಸೋಮವಾರಪೇಟೆ:

ಈಗ ನೀನೇ ಹೇಳಿದೆಯಲ್ಲ ಮಗಳೇ, ಹೇಳಿ ಕೊಡಬೇಕು ಅಂತ. ಬೇರೆಯವರ ಮಕ್ಕಳಿಗೆ ಹೇಳಬಹುದು, ನಮ್ಮ ಮಗುವಿಗೆ ಬೇಡವಾ?

ನಾಪೋಕ್ಲು, ಕಾಫಿ ತೋಟದವನು:

ಮಣ್ಣಿನ ವಾಸನೆ ಬಗ್ಗೆ ಯಾರೂ ಬರೆಯಲಿಲ್ಲ. ಬೀಟ್‌ರೂಟಿನಲ್ಲಿ ಜಿಯೋಸ್ಮಿನ್ ಅಂತ ಒಂದು ಅಂಶ ಇದೆ. ಹೊಸ ಮಳೆಗೆ ನೆಲದಿಂದ ಏಳುವ ಪರಿಮಳವೂ ಅದರದ್ದೇ. ಹುಳಿ ಬಿದ್ದರೆ ಅದು ಒಡೆದು ಹೋಗುತ್ತದೆ. ಪೇಟೆ ವಿನೆಗರ್ ನನಗೆ ಆಗುವುದಿಲ್ಲ, ಗಂಟಲು ಕೆರೆಯುತ್ತದೆ. ನಾನು ಹಾಕುವುದು ಅರ್ಧ ಚಮಚ ಕಾಚಂಪುಳಿ, ಹಣ್ಣಿನ ರಸ ಕಾಯಿಸಿ ಮಾಡುವ ನಮ್ಮ ಕೊಡಗಿನ ಹುಳಿ. ಬಣ್ಣವೂ ಕಪ್ಪು, ಚಾಕೊಲೇಟಿಗೆ ಹೊಂದುತ್ತದೆ. ಸೋಡಾ ಸೇರಿದ ತಕ್ಷಣ ನೊರೆ ಉಕ್ಕುತ್ತದೆ, ಮೊಟ್ಟೆ ನೆನಪೂ ಬರುವುದಿಲ್ಲ. ಜೊತೆಗೆ ಎರಡು ಚಮಚ ಗಟ್ಟಿ ಕಾಫಿ ಡಿಕಾಕ್ಷನ್. ಕೋಕೋ ಕಡಿಮೆ ಹಾಕಿದರೂ ರುಚಿ ಆಳವಾಗಿ ಬರುತ್ತದೆ. ಮಕ್ಕಳಿಗಾದರೆ ಕಾಫಿ ಬಿಡಿ.

ಮೊದಲು ನಾನು ಮಡಿಕೇರಿಯ ಒಂದು ಅಂಗಡಿಯಿಂದ ಹೋಮ್‌ಮೇಡ್ ಚಾಕೊಲೇಟ್ ಅರ್ಧ ಕೆಜಿ ತಂದು ಕರಗಿಸಿ ಹಾಕಿದ್ದೆ. 480 ರೂಪಾಯಿ. ಎಣ್ಣೆ ಬೇರೆ, ಹಿಟ್ಟು ಬೇರೆ ಆಗಿ ಮೇಲೆ ಜಿಡ್ಡು ತೇಲಿತು. ಅದು ಕಾಂಪೌಂಡ್. ಕೋಕೋ ಬೆಣ್ಣೆ ಬದಲು ಬೇರೆ ಸಸ್ಯ ಕೊಬ್ಬು. ಪ್ರವಾಸಿಗರಿಗೆ ಮಾರಲಿ, ನನ್ನ ಮನೆಗೆ ಬೇಡ.

ಪೊನ್ನಂಪೇಟೆ, ಕಾಚಂಪುಳಿ ಕಾಯಿಸುವ ಮನೆಯವಳು:

ಕಾಚಂಪುಳಿ ಕೇಕಿಗಾ? ಓದಿ ಸಂಕಟ ಆಯಿತು. ಮಳೆಯಲ್ಲಿ ನೆಂದು, ಜಿಗಣೆ ಕಚ್ಚಿಸಿಕೊಂಡು, ಉದುರಿದ ಹಣ್ಣು ಆರಿಸಿ ತರುತ್ತೇವೆ. ರಸ ಇಳಿಯಲು ದಿನಗಟ್ಟಲೆ ಬಿಡುತ್ತೇವೆ. ಆಮೇಲೆ ಒಲೆ ಮುಂದೆ ಕೂತು ಕಪ್ಪಗಾಗುವ ತನಕ ಕುದಿಸಬೇಕು. ಒಂದು ಕೊಡ ರಸ ಇಟ್ಟರೆ ಕೊನೆಗೆ ಉಳಿಯುವುದು ಸ್ವಲ್ಪ. ಸೌದೆ ಖರ್ಚು ಕೇಳಿದ್ದೀರಾ? ಅದು ಪಂದಿ ಕರಿಗೆ, ಅಂದರೆ ಹಂದಿ ಸಾರಿಗೆ, ಮೀನಿಗೆ. ಸೋಡಾ ಹಾಕಿ ಅದರ ಹುಳಿ ಸಾಯಿಸುವುದಾದರೆ ಒಂದು ನಿಂಬೆಹಣ್ಣು ಸಾಲದಾ?

ನಾಪೋಕ್ಲು:

ನನ್ನ ತೋಟದ ಮರ, ನನ್ನ ಅವ್ವ ಕಾಯಿಸಿದ್ದು. ಪಂದಿ ತಿನ್ನದ ಮನೆಗಳೂ ಕೊಡಗಿನಲ್ಲಿವೆ. ಅವರೂ ಕಾಚಂಪುಳಿ ಬಳಸಬಾರದಾ? ಹೊಸ ತಲೆಮಾರಿಗೆ ಇದು ಪಂದಿಗೆ ಮಾತ್ರ ಅಂತ ಬೇಲಿ ಹಾಕಿದರೆ ನಾಳೆ ಹಣ್ಣು ಆರಿಸುವವರೇ ಇರುವುದಿಲ್ಲ.

ಪೊನ್ನಂಪೇಟೆ:

ಬೇಲಿ ಹಾಕಿಲ್ಲ. ಬೆಲೆ ಗೊತ್ತಿರಲಿ ಅಂದೆ. ಪೇಟೆಯಲ್ಲಿ ಬಣ್ಣ ಸೇರಿಸಿದ ನೀರಿನಂಥದ್ದಕ್ಕೂ ಕಾಚಂಪುಳಿ ಅಂತ ಚೀಟಿ ಅಂಟಿಸುತ್ತಿದ್ದಾರೆ. ಅದನ್ನು ಕೇಕಿಗೆ ಹಾಕಿ ಕೆಟ್ಟರೆ ಹೆಸರು ಹೋಗುವುದು ನಮ್ಮದು.

ಕುಶಾಲನಗರ:

ಹುಳಿ ಜಗಳದ ನಡುವೆ ಒಂದು ಮಾತು ಬಿಟ್ಟು ಹೋಗಿದೆ. ಕೋಕೋ ಪ್ಯಾಕಿನಲ್ಲಿ ಡಚ್ ಅಥವಾ ಆಲ್ಕಲೈಸ್ಡ್ ಅಂತಿದ್ದರೆ ಅದರ ಹುಳಿ ತೆಗೆದಿರುತ್ತಾರೆ. ಬಣ್ಣ ಕಡು, ಆದರೆ ಸೋಡಾ ಎಬ್ಬಿಸುವ ಶಕ್ತಿ ಇಲ್ಲ. ಆಗ ಮೊಸರು ಚೆನ್ನಾಗಿ ಹುಳಿ ಇರಬೇಕು. ನಾಪೋಕ್ಲು ಅಣ್ಣನಿಗೆ ಕಾಚಂಪುಳಿ ಅಷ್ಟು ಕೆಲಸ ಮಾಡಿದ್ದು ಇದಕ್ಕೇ ಇರಬೇಕು. ಮಳೆಗಾಲದಲ್ಲಿ ಬೇಕಿಂಗ್ ಪೌಡರ್ ಗಂಟು ಕಟ್ಟುತ್ತದೆ. ಬಿಸಿನೀರಿಗೆ ಒಂದು ಚಿಟಿಕೆ ಹಾಕಿ ನೋಡಿ, ಭರ್ ಅಂತ ಉಕ್ಕದಿದ್ದರೆ ಎಸೆಯಿರಿ. ನಾನು ಪಾತ್ರೆ ತುಂಬಾ ಹಿಟ್ಟು ಕಲಸಿದ ಮೇಲೆ ಪೌಡರ್ ಸತ್ತಿದ್ದು ಗೊತ್ತಾಗಿ, ಎರಡು ಆರ್ಡರ್ ದುಡ್ಡು ವಾಪಸ್ ಕೊಟ್ಟಿದ್ದೇನೆ. ಒಬ್ಬರು ಇವತ್ತಿಗೂ ಮಾತಾಡುವುದಿಲ್ಲ.

ಮಡಿಕೇರಿ, ಪ್ರಶ್ನೆ ಕೇಳಿದವಳು:

ಎಲ್ಲರಿಗೂ ಥ್ಯಾಂಕ್ಸ್. ನನ್ನ ಕೋಕೋ ಆಲ್ಕಲೈಸ್ಡ್, ಈಗ ನೋಡಿದೆ. ಬೀಟ್‌ರೂಟ್ ಹೆಚ್ಚಿ ಕುಕ್ಕರಿನಲ್ಲಿ ನೀರು ಹಾಕಿ ಬೇಯಿಸಿದ್ದೆ. ಶುಕ್ರವಾರದ ಸಂತೆಯಲ್ಲಿ ಸೋರೆಕಾಯಿ ಎಳೆಯದು ಸಿಗುತ್ತಿದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದನ್ನೇ ತುರಿದು ಹಾಕಲಾ?

ವಿರಾಜಪೇಟೆ:

ಹಾಕಿ. ತುರಿದು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿ. ಕೈ ನೋಯುವಷ್ಟು ಹಿಂಡಿ. ಹಿಂಡಿದ ನೀರನ್ನು ಚಪಾತಿ ಹಿಟ್ಟಿಗೆ ಹಾಕಬಹುದು. ಆದರೆ ಓವನ್ ನಂಬಬೇಡಿ.

ಸುಂಟಿಕೊಪ್ಪ, ನರ್ಸ್:

ಓವನ್ ಆದರೂ ಸರಿ, ಹಬೆ ಆದರೂ ಸರಿ. ಸೋರೆಕಾಯಿ ಅಂದದ್ದಕ್ಕೆ ಬರೆಯುತ್ತಿದ್ದೇನೆ. ತುರಿಯುವ ಮೊದಲು ಒಂದು ಚೂರು ಹಸಿಯಾಗಿ ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಉಗಿದು ಬಾಯಿ ತೊಳೆದು ಇಡೀ ಕಾಯಿ ಎಸೆಯಿರಿ. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಅನ್ನುವ ವಿಷ ಇರುತ್ತದೆ. ಬೇಯಿಸಿದರೂ ಅದು ಹೋಗುತ್ತದೆ ಅನ್ನುವ ಭರವಸೆ ಇಲ್ಲ. ವಾಂತಿ, ಭೇದಿ, ರಕ್ತ ವಾಂತಿ ತನಕ ಹೋಗಬಹುದು. ಪಲ್ಯದಲ್ಲಾದರೆ ಕಹಿ ತಕ್ಷಣ ಗೊತ್ತಾಗುತ್ತದೆ, ಮಗು ಉಗಿಯುತ್ತದೆ. ಕೋಕೋ, ಬೆಲ್ಲದ ನಡುವೆ ಗೊತ್ತಾಗುವುದಿಲ್ಲ. ಕೋಕೋನೇ ಕಹಿ ಅಲ್ವಾ. ಸೌತೆಕಾಯಿಗೂ ಇದೇ ಮಾತು.

ಗೋಣಿಕೊಪ್ಪದ ಅಕ್ಕ, ನಿಮ್ಮ ಮಗನ ರಕ್ತದ ವಿಷಯಕ್ಕೂ ಒಂದು ಮಾತು, ಬೇಜಾರು ಬೇಡ. ರಾಗಿಯಲ್ಲಿ ಕ್ಯಾಲ್ಸಿಯಂ ಭರ್ಜರಿ, 100 ಗ್ರಾಂಗೆ 340 ಮಿಲಿಗ್ರಾಂ ಆಸುಪಾಸು. ಆದರೆ ಕೋಕೋ, ಟೀ, ಕಾಫಿ ಊಟದ ಜೊತೆ ಬಂದರೆ ಊಟದ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಟಾನಿಕ್ ಕೊಡುವ ಹೊತ್ತಿಗೂ ಬ್ರೌನಿಗೂ ಎರಡು ಗಂಟೆ ಅಂತರ ಇಡಿ. ಊಟದ ಜೊತೆ ಕಿತ್ತಳೆ, ನಿಂಬೆ ಕೊಡಿ.

ಗೋಣಿಕೊಪ್ಪ:

ಬೇಜಾರಿಲ್ಲ ಸಿಸ್ಟರ್. ಇದನ್ನು ಮೈಸೂರಲ್ಲಿ ದುಡ್ಡು ತೆಗೆದುಕೊಂಡವರು ಹೇಳಬೇಕಿತ್ತು. ಟಾನಿಕ್ ಆದ ತಕ್ಷಣ ಬಾಯಿ ರುಚಿಗೆ ಅಂತ ಬ್ರೌನಿ ಕೊಡುತ್ತಿದ್ದೆ. ನಾಳೆಯಿಂದ ಅದು ಸಂಜೆ ನಾಲ್ಕಕ್ಕೆ.