ಶಾಲೆ ಬಿಟ್ಟು ಯೋಗ, ಟೆನಿಸ್ ಕಲಿಸಬೇಕು ಅಂತಿದ್ದೇನೆ

ಹಾಸನದ ಗಣಿತ ಟೀಚರ್:
22 ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ. ಜೂನ್‌ಗೆ ಕೆಲಸ ಬಿಡುತ್ತೇನೆ. ಬೆಳಿಗ್ಗೆ ಯೋಗ, ಸಂಜೆ ಮಕ್ಕಳಿಗೆ ಟೆನಿಸ್ ಹೇಳಿಕೊಡುವ ಆಸೆ. ಎರಡರ ಅಭ್ಯಾಸವೂ ಇದೆ, ಸರ್ಟಿಫಿಕೇಟ್ ಇಲ್ಲ. ಎಲ್ಲಿಂದ ಶುರು ಮಾಡಲಿ?

ಮೈಸೂರು ಮೇಷ್ಟ್ರು:
ಮೇಡಂ, ನಾನೂ ಕನ್ನಡ ಮೇಷ್ಟ್ರಾಗಿದ್ದು ಈ ದಾರಿಗೆ ಬಂದವನು. ಯೋಗಕ್ಕೆ ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಶನ್ ಬೋರ್ಡ್ ಪರೀಕ್ಷೆ ಬರೆಯಿರಿ. ಯೋಗ ಪ್ರೋಟೋಕಾಲ್ ಇನ್‌ಸ್ಟ್ರಕ್ಟರ್ ಹಂತದಿಂದ ಶುರು ಮಾಡಬಹುದು. ಆಸನ ಮಾಡಿ ತೋರಿಸುವುದೂ ಇರುತ್ತದೆ, ಸುಮ್ನೆ ಓದಿಕೊಂಡು ಹೋದರೆ ಸಾಲದು.

ಟೆನಿಸ್‌ನಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಏಳು ವರ್ಷದ ಮಕ್ಕಳಿಗೆ ಮಾಮೂಲಿ ಹಳದಿ ಚೆಂಡು ಕೊಟ್ಟೆ. ಪುಟಿದರೆ ತಲೆ ಮೇಲೆ ಹೋಗುತ್ತಿತ್ತು. ಒಬ್ಬ ಹುಡುಗಿ ರ‍್ಯಾಕೆಟ್ ಕೆಳಗಿಟ್ಟು ಅತ್ತೇಬಿಟ್ಟಳು. ಆಮೇಲೆ ಕೆಂಪು ಚೆಂಡು ತಂದೆ. ಅದು ಹಳದಿಗಿಂತ 75% ನಿಧಾನ. ಸುಮಾರು 11 ಮೀಟರ್ ಉದ್ದದ ಪುಟ್ಟ ಕೋರ್ಟ್‌ಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅದೇ ಹುಡುಗಿ ಸತತವಾಗಿ ಆರು ಸಲ ಹೊಡೆದಳು! ಆ ಮುಖ ಇವತ್ತಿಗೂ ಕಣ್ಮುಂದಿದೆ. ಆಮೇಲೆ ಕಿತ್ತಳೆ, ಹಸಿರು, ಕೊನೆಗೆ ಹಳದಿ. ನೀವು ಕೂಡುವುದು ಕಲಿಸದೆ ಬೀಜಗಣಿತಕ್ಕೆ ಹೋಗಲ್ಲ, ಅಲ್ವಾ?

ಧಾರವಾಡದ ಅಕ್ಕ:
ಟೆನಿಸ್‌ಗೆ ಅಖಿಲ ಭಾರತ ಟೆನಿಸ್ ಸಂಸ್ಥೆಯವರ ಕೋಚಿಂಗ್ ಕೋರ್ಸ್ ವಿಚಾರಿಸಿ. ಯೋಗ ಕ್ಲಾಸಿಗೆ ಬಂದವರನ್ನು ಬಿಪಿ, ಮಂಡಿನೋವು ಇದೆಯಾ ಅಂತ ಮೊದಲೇ ಕೇಳಿ. ನಾನು ಕೇಳದೆ ಒಬ್ಬರಿಗೆ ವಜ್ರಾಸನ ಮಾಡಿಸಿ, ಅವರು ವಾರ ಪೂರ್ತಿ ಕುಂಟಿದರು.

ಹಾಸನದ ಗಣಿತ ಟೀಚರ್:
ತುಂಬಾ ಥ್ಯಾಂಕ್ಸ್. ಕೆಂಪು ಚೆಂಡು ಇವತ್ತೇ ಹುಡುಕುತ್ತೇನೆ. ಮೇಷ್ಟ್ರೇ, ಒಂದು ಬ್ಯಾಚಿಗೆ ಎಷ್ಟು ಮಕ್ಕಳನ್ನು ತಗೊಳ್ತೀರಿ?

ಮೈಸೂರು ಮೇಷ್ಟ್ರು:
ಎಂಟು. ಅದಕ್ಕಿಂತ ಜಾಸ್ತಿ ಬೇಡ.