‘ಬಾಳಕ’ಕ್ಕೂ ‘ಬಾಳಿಕೆ’ಗೂ ನೆಂಟಸ್ತಿಕೆ ಇದೆಯಾ?

ಎಲ್ಲರಿಗೂ ನಮಸ್ಕಾರ.

ಮೊನ್ನೆ ಅಂಗಡಿಯಿಂದ ತಂದ ಪೊಟ್ಟಣದ ಮೇಲೆ ‘ಬಾಲಕ ಮೆಣಸಿನಕಾಯಿ’ ಅಂತ ಅಚ್ಚಾಗಿತ್ತು. ‘ಬಾಲಕಿ ಎಲ್ಲಿ?’ ಅಂತ ಮನೆಯಲ್ಲಿ ಎಲ್ಲರೂ ನಕ್ಕೆವು. ‘ಳ’ ಹೋಗಿ ‘ಲ’ ಬಂದಿದೆ, ಅಷ್ಟೆ. ಉಪ್ಪು ಹಾಕಿ ಒಣಗಿಸಿ, ಕರಿದು ತಿನ್ನುವ ಕಾಯಿಗೆ ‘ಬಾಳಕ’ ಅನ್ನುತ್ತೇವೆ. ಆದರೆ ಆ ಹೆಸರು ಬಂದದ್ದಾದರೂ ಎಲ್ಲಿಂದ?

ವರ್ಷಗಟ್ಟಲೆ ಬಾಳಿಕೆ ಬರುತ್ತಲ್ಲ, ಅದಕ್ಕೇ ಬಾಳಕ ಅಂದರು ನಮ್ಮತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಎಲ್ಲವೂ ಬಾಳಿಕೆ ಬರುತ್ತವೆ. ಆ ಹೆಸರು ಇದಕ್ಕೊಂದಕ್ಕೇ ಯಾಕೆ ಅಂಟಿಕೊಂಡಿತು?

ಇಂಥ ಒಣಗಿಸಿದ ಕಾಯಿಗೆ ತಮಿಳರು ‘ವತ್ತಲ್’ ಅನ್ನುತ್ತಾರೆ. ನಮ್ಮ ‘ಬತ್ತು’ ಅದರ ಒಡಹುಟ್ಟು, ಅಲ್ಲಿಯ ‘ವ’ ಇಲ್ಲಿ ‘ಬ’. ಆದರೆ ನಮ್ಮಲ್ಲಿ ಬತ್ತೋದು ಕೆರೆ, ಬಾವಿ. ಗೋರಿಕಾಯಿ ಒಣಗುತ್ತದೆಯೇ ಹೊರತು ಬತ್ತುವುದಿಲ್ಲ. ತೆಲುಗಿನವರದು ‘ಒರುಗು’. ಬಾಳಕ ಈ ಎರಡರ ಹತ್ತಿರವೂ ಸುಳಿಯುವುದಿಲ್ಲ.

ನಮ್ಮ ಕಡೆ ಬಾಳಕ ಅಂದರೆ ಮೊದಲು ಮೆಣಸಿನಕಾಯಿಯೇ. ಸೀಳಿ, ಉಪ್ಪು ಬೆರೆಸಿದ ಹುಳಿಮಜ್ಜಿಗೆಯಲ್ಲಿ ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಬಿಸಿಲಿಗೆ ಹರಡುವುದು. ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆ ಪೂರ್ತಿ ಹೀರಿಕೊಳ್ಳುವ ತನಕ ಇದೇ ಕೆಲಸ. ಕೊನೆಗೆ ಮುರಿದರೆ ಟಕ್ ಅನ್ನಬೇಕು. ಎಣ್ಣೆಯಲ್ಲಿ ಕಪ್ಪಗೆ ಕರಿದರೆ ಮೊಸರನ್ನಕ್ಕೆ ಬೇರೇನೂ ಬೇಡ. ಮಲೆನಾಡಿನ ಗೆಳತಿ ಇದನ್ನೇ ‘ಸಂಡಿಗೆ ಮೆಣಸು’ ಅನ್ನುತ್ತಾಳೆ. ಹಾಗಲಕಾಯಿ, ಗೋರಿಕಾಯಿಯದ್ದೂ ಬಾಳಕವೇ. ಅವಕ್ಕೂ ಉಪ್ಪು ಬೇಕು, ಅವನ್ನೂ ಕರಿಯಬೇಕು.

ನನ್ನ ತೊಡಕು ಇಲ್ಲೇ ಇರೋದು. ಡಿಹೈಡ್ರೇಟೆಡ್ ಕ್ಯಾರೆಟ್, ಬೀನ್ಸ್ ಪೊಟ್ಟಣದ ಹಿಂದಿನ ಅಡುಗೆ ವಿಧಾನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇವಕ್ಕೆ ಉಪ್ಪಿಲ್ಲ, ಕರಿಯುವುದೂ ಇಲ್ಲ. ಬಿಸಿನೀರಲ್ಲಿ ಇಟ್ಟು, ಉಬ್ಬಿದ ಮೇಲೆ ಸಾಗುವಿಗೋ ಪಲಾವಿಗೋ ಹಾಕುವುದು. ‘ನಿರ್ಜಲೀಕೃತ’ ಅಂತ ಬರೆದರೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ ಕ್ಯಾರೆಟ್ ಕಣ್ಣಿಗೆ ಬರುತ್ತದೆ! ‘ಒಣಗಿದ ಕ್ಯಾರೆಟ್’ ಅಂದರೆ ಫ್ರಿಜ್ಜಿನಲ್ಲಿ ಮರೆತು ಸುಕ್ಕಾದದ್ದು. ‘ಒಣಗಿಸಿದ’ ಅಂದರೆ ಸರಿ, ಬೇಕು ಅಂತಲೇ ಮಾಡಿದ್ದು ಅಂತ ಆ ‘ಸಿ’ ಒಂದೇ ಹೇಳಿಬಿಡುತ್ತದೆ. ಒಣದ್ರಾಕ್ಷಿ, ಒಣಶುಂಠಿಯ ಸಾಲಿಗೆ ‘ಒಣಕ್ಯಾರೆಟ್’ ಸೇರಿಸೋಣ ಅಂತಲೂ ಅನಿಸಿದೆ. ‘ರೀಹೈಡ್ರೇಟ್’ಗೆ ಮಾತ್ರ ಹೊಸ ಪದ ಬೇಡ. ಒಣ ಅವರೆಕಾಳಿಗೆ ಅನ್ನುವ ‘ನೆನೆಹಾಕಿ’ ಸಾಕು, ಅಲ್ವಾ?

ಕೇಳಬೇಕಿದ್ದದ್ದು ಇಷ್ಟು: ಉಪ್ಪು ಹಾಕದೆ ಒಣಗಿಸಿ, ಕರಿಯದೆ ಹುಳಿಗೋ ಪಲ್ಯಕ್ಕೋ ಹಾಕುವ ತರಕಾರಿಗೆ ನಿಮ್ಮೂರಲ್ಲಿ ಏನನ್ನುತ್ತಾರೆ? ಅದನ್ನೂ ‘ಬಾಳಕ’ ಅನ್ನುವವರು ಇದ್ದೀರಾ? ಅತ್ತೆಯ ‘ಬಾಳಿಕೆ’ ವಾದಕ್ಕೆ ಹಳೆಯ ಪ್ರಯೋಗ ಸಿಕ್ಕಿದರೂ ತಿಳಿಸಿ. ಸೋಲು ಒಪ್ಪಿಕೊಳ್ಳಲು ತಯಾರಿದ್ದೇನೆ.