ಪ್ರಾಂಶುಪಾಲರು ಬದಲಾದ ಮೇಲೂ ಕಾಲೇಜಿನ ಹೊಸ ರೂಢಿಗಳು ಉಳಿಯಬೇಕಾದರೆ?

ಬೆಣ್ಣೆನಗರಿ (ಪ್ರಶ್ನೆ):
ದಾವಣಗೆರೆ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜು. ಇಲ್ಲಿ ಈಗ ಮೂರು ಕೆಲಸ ನಡೆಯುತ್ತಿವೆ. ಮೊದಲ ಸೆಮಿಸ್ಟರಿಗೆ ಹಿಂದಿನ ಕಲಿಕೆಯ ಕೊರತೆ ತುಂಬುವ ಸೇತುಬಂಧ ತರಗತಿ, ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳಿಂದ ಬರೆಸುವ ಚೀಟಿ, ಒಬ್ಬರ ಪಾಠವನ್ನು ಇನ್ನೊಬ್ಬರು ಕೂತು ನೋಡುವುದು. ಬೆನ್ನಿಗೆ ನಿಂತ ಪ್ರಾಂಶುಪಾಲರು ಸದ್ಯದಲ್ಲೇ ನಿವೃತ್ತರಾಗುತ್ತಾರೆ. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಕೆಲವು ಬೋಧಕರು ಬೇರೆ ಕಡೆ ಹೋಗಬಹುದು. ಈಗಲೇ ಏನು ಮಾಡಿಟ್ಟರೆ ಇವು ನಿಲ್ಲದೆ ನಡೆದಾವು? ಬರೀ ನ್ಯಾಕ್ (ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಂಸ್ಥೆ) ಫೈಲಿನಲ್ಲಿ ಉಳಿದರೆ ಏನೂ ಪ್ರಯೋಜನವಿಲ್ಲ.

ಕೋಟೆನಾಡು:
ಮೊದಲು ವೇಳಾಪಟ್ಟಿ ಸರಿಮಾಡಿ ಸರ್. ಪೀರಿಯಡ್ ಸಿಗದ ಕೆಲಸ ಯಾರದೋ ಉತ್ಸಾಹದ ಮೇಲೆ ನಡೆದು, ಅವರು ಹೋದ ದಿನ ನಿಲ್ಲುತ್ತದೆ. ಸೇತುಬಂಧಕ್ಕೆ ಸೆಮಿಸ್ಟರಿನ ಮೊದಲ ಎರಡು ವಾರ ದಿನಕ್ಕೊಂದು ಪೀರಿಯಡ್ ಎಂದು ವೇಳಾಪಟ್ಟಿಯಲ್ಲೂ ವಾರ್ಷಿಕ ಕಾರ್ಯಸೂಚಿಯಲ್ಲೂ ಈಗಲೇ ಬರಲಿ. ಬೋಧಕರ ಸಭೆಯಲ್ಲಿ ಚರ್ಚೆಯಾಗಿ ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಭರವಸಾ ಕೋಶ) ನಡಾವಳಿಯಲ್ಲಿ ನಿರ್ಣಯವಾದರೆ ಹೊಸಬರು ಅದನ್ನು ಕೈಬಿಡಲು ಮತ್ತೆ ಸಭೆ ಕರೆಯಬೇಕಾಗುತ್ತದೆ. ಪ್ರಾಂಶುಪಾಲರ ಮೌಖಿಕ ಆದೇಶಕ್ಕೆ ಆ ಬಲವಿಲ್ಲ.

ಒಂದೊಂದು ಕೆಲಸಕ್ಕೆ ಇಬ್ಬರು ಹೊಣೆಗಾರರಿರಲಿ, ಇಬ್ಬರೂ ಒಂದೇ ಸಲ ವರ್ಗಾವಣೆಗೆ ಬರುವವರಾಗಬಾರದು. ಯಾರು, ಯಾವ ವಾರ, ಯಾವ ನಮೂನೆಯಲ್ಲಿ ಮಾಡುತ್ತಾರೆ, ನೋಡಿದ ಮೇಲೆ ಏನು ಬದಲಿಸುತ್ತಾರೆ, ಇಷ್ಟೂ ಒಂದೇ ಪುಟದಲ್ಲಿರಲಿ. ಹತ್ತು ಪುಟದ ಕೈಪಿಡಿಯನ್ನು ಯಾರೂ ಓದುವುದಿಲ್ಲ.

ವಾಣಿವಿಲಾಸ:
ಕೋಟೆನಾಡು ಅವರ ಮಾತು ಸರಿ, ಆದರೆ ದಾಖಲೆ ಹೆಚ್ಚಿದಷ್ಟೂ ಪಾಠದ ಕಡೆ ಗಮನ ಕಡಿಮೆಯಾಗುವ ಅಪಾಯವಿದೆ. ಚೀಟಿಯನ್ನೇ ತೆಗೆದುಕೊಳ್ಳಿ. ಎ4 ಹಾಳೆಯ ಕಾಲು ಭಾಗ ಸಾಕು, ಹೆಸರು ಬೇಡ, ಎರಡೇ ಪ್ರಶ್ನೆ: ಇವತ್ತು ಏನು ತಿಳಿಯಿತು, ಯಾವುದು ತಿಳಿಯಲಿಲ್ಲ. ಬರೆಯಲು ಮೂರು ನಿಮಿಷ ಕೊಡಿ. ಎಲ್ಲ ಚೀಟಿಯನ್ನೂ ಎಣಿಸಿ ಪಟ್ಟಿ ಮಾಡುವುದು ಬೇಡ, ಗುಂಪು ಮಾಡಿ, ಹೆಚ್ಚು ಜನ ಬರೆದ ಎರಡು ತೊಡಕು ಆರಿಸಿ. ಮುಂದಿನ ತರಗತಿಯ ಮೊದಲ ಐದು ನಿಮಿಷ ಅದಕ್ಕೇ ಮೀಸಲು. ಇದು ಕೆಡುವುದೂ ಇಲ್ಲೇ. ಬರೆದದ್ದಕ್ಕೆ ಉತ್ತರ ಬರದಿದ್ದರೆ ಕೆಲವೇ ವಾರಗಳಲ್ಲಿ ಎಲ್ಲರೂ 'ಎಲ್ಲಾ ಅರ್ಥವಾಯ್ತು ಸರ್' ಅಂತ ಬರೆದು ಎದ್ದು ಹೋಗುತ್ತಾರೆ. ಎಲ್ಲ ವಿಷಯದವರೂ ಒಂದೇ ದಿನ ಬರೆಸಿದರೂ ಹಾಗೇ ಆಗುತ್ತದೆ. ವಿಷಯಕ್ಕೆ ವಾರಕ್ಕೊಂದು, ಬೇರೆಬೇರೆ ದಿನ.

ಇನ್ನು ಯಾರಿಗೆ ನೆರವು ಬೇಕೆಂದು ಸೆಮಿಸ್ಟರ್ ಫಲಿತಾಂಶ ನೋಡಿ ಯೋಜನೆ ಮಾಡುವುದು ತಡವಾದ ಮಾತು. ನಾಲ್ಕನೇ ವಾರದ ಹಾಜರಾತಿ, ಮೊದಲ ಆಂತರಿಕ ಪರೀಕ್ಷೆ, ಇವೆರಡನ್ನೇ ನೋಡಿ. ನಮ್ಮ ಕಡೆ ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಕೊಯ್ಲಿಗೆ ಹುಡುಗರು ಹೊಲದಲ್ಲಿರುತ್ತಾರೆ. ಆ ವಾರಗಳ ಗೈರನ್ನು ಸೋಮಾರಿತನ ಎಂದು ಬರೆದರೆ ಔಷಧಿ ತಪ್ಪುತ್ತದೆ. ಆ ವಾರಗಳ ಮುಖ್ಯ ಪಾಠವನ್ನು ಹಿಂದಕ್ಕೋ ಮುಂದಕ್ಕೋ ಸರಿಸಿ. ಮೆಂಟರ್ (ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಾದ ಬೋಧಕರು) ಭೇಟಿ ಸಂಜೆ ಬೇಡ. ಜಗಳೂರು, ಚನ್ನಗಿರಿ ಕಡೆಯ ಬಸ್ ಹಿಡಿಯುವವರು ನಿಲ್ಲುವುದಿಲ್ಲ.

ಅತಿಥಿ ಉಪನ್ಯಾಸಕಿ:
ಬಹಳಷ್ಟು ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರದ್ದು, ಆದರೆ ಇಂಥ ಸಭೆಗಳು ನಾವಿಲ್ಲದ ಹೊತ್ತಿನಲ್ಲಿ ನಡೆಯುತ್ತವೆ. ವರ್ಷ ವರ್ಷ ಹೊಸಬರು ಬರುವುದರಿಂದ ಸೇರಿದ ಮೊದಲ ವಾರದಲ್ಲೇ ಒಂದು ಗಂಟೆ ಆ ಒಂದು ಪುಟವನ್ನು ವಿವರಿಸಿ. ಸೇತುಬಂಧದ ಪೀರಿಯಡ್ ಅವರ ಕಾರ್ಯಭಾರದಲ್ಲಿ ಸೇರಲಿ. ಸಂಬಳವಿಲ್ಲದ ಹೆಚ್ಚುವರಿ ಕೆಲಸ ಅಂತಾದರೆ ಅದು ಹೆಚ್ಚು ದಿನ ನಡೆಯುವುದಿಲ್ಲ, ನಡೆಯಬೇಕೆಂದು ಕೇಳುವುದೂ ನ್ಯಾಯವಲ್ಲ.

ಬೆಣ್ಣೆನಗರಿ:
ಪಾಠ ನೋಡಲು ಬಂದರೆ ಹಿರಿಯರಿಗೆ ಮುಜುಗರ, ಕಿರಿಯರಿಗೆ ಭಯ. ಇದಕ್ಕೇನು ಮಾಡುವುದು?

ಕೋಟೆನಾಡು:
ನೋಡಿದ ಟಿಪ್ಪಣಿ ಪ್ರಾಂಶುಪಾಲರ ಮೇಜಿಗೆ ಹೋಗಕೂಡದು, ಬೋಧಕರ ಕೆಲಸದ ಬಗ್ಗೆ ಮೇಲಧಿಕಾರಿ ಬರೆಯುವ ಗೋಪ್ಯ ವರದಿಗಂತೂ ಸೇರಲೇಬಾರದು. ಒಮ್ಮೆ ಸೇರಿತೆಂದರೆ ಎಲ್ಲರೂ ತಯಾರಿಸಿದ ಪಾಠವನ್ನೇ ತೋರಿಸುತ್ತಾರೆ. ಸೆಮಿಸ್ಟರಿಗೆ ಎರಡು ಸಲ, ಇಪ್ಪತ್ತು ನಿಮಿಷ, ಬೇರೆ ವಿಭಾಗದವರ ಜೋಡಿ. ಏನು ನೋಡಬೇಕೆಂದು ಪಾಠ ಮಾಡುವವರೇ ಮೊದಲು ಹೇಳಲಿ: 'ಹಿಂದಿನ ಬೆಂಚಿನವರು ಎಷ್ಟು ಮಾತಾಡಿದರು ನೋಡಿ' ಅನ್ನುವಂಥದ್ದು. ನೋಡುವವರು ಬೋಧಕರಿಗಿಂತ ವಿದ್ಯಾರ್ಥಿಗಳ ಮುಖ ಕಾಣುವ ಜಾಗದಲ್ಲಿ ಕೂರಲಿ. ಮೊದಲು ಹಿರಿಯರ ಪಾಠಕ್ಕೆ ಕಿರಿಯರು ಹೋಗಲಿ. ನಡಾವಳಿಗೆ ಇಂಥ ಜೋಡಿ ಇಂಥ ದಿನ ನೋಡಿದರು ಎಂಬಷ್ಟು ಬರೆದರೆ ಸಾಕು.